ಅಟ್ಟಣೆಯ ಏಣಿ

ಹೇಮಾ,

ನೀನು ಸತ್ತರೂ ನನ್ನ ಸಿಟ್ಟು ಸತ್ತಿಲ್ಲ. ಕೊರೊನಾ ವರ್ಷ ನಮ್ಮ ಚೇಕಾಡಿಯಲ್ಲಿ ಫೋನಿಗೆ ರೇಂಜು ಸಿಗುತ್ತಿದ್ದದ್ದು ನಿಮ್ಮ ಗದ್ದೆಯಲ್ಲಿ ಆನೆ ಕಾಯುವ ಅಟ್ಟಣೆಯ ಮೇಲೆ ಮಾತ್ರ. ಗೆಳತಿಯೆಂಬ ಸಲಿಗೆಯಿಂದ ನಾನು ನನ್ನ ಶಾಲೆಯ, ಕಾಡಂಚಿನ ಹಾಡಿಯ ಮಕ್ಕಳನ್ನು ಆನ್‌ಲೈನ್ ಕ್ಲಾಸಿಗೆ ಅಲ್ಲಿ ಹತ್ತಿಸುತ್ತಿದ್ದೆ. ನೀನು "ರೋಗ ಹಬ್ಬುತ್ತೆ" ಎಂದು ಹಗಲೆಲ್ಲ ಏಣಿಯನ್ನು ಮನೆಯಲ್ಲೇ ಇಟ್ಟುಕೊಂಡೆ. ಆ ಮಕ್ಕಳಲ್ಲೊಬ್ಬಳು ಮೀನಾಕ್ಷಿ, ಕೆಲವು ದಿನ ಕೆಳಗೆ ನಿಂತು ಫೋನನ್ನು ಆಕಾಶಕ್ಕೆ ಹಿಡಿದಳು. ಆಮೇಲೆ ಓದನ್ನೇ ಬಿಟ್ಟಳು.

ಇವತ್ತು ಬೆಳಿಗ್ಗೆ ನಿನ್ನ ಗಂಡ ಚೆಲುವರಾಜು ಶಾಲೆಗೆ ಬಂದಿದ್ದ.

"ಟೀಚರೇ, ನಮ್ಮ ಏಣಿ ಗೆದ್ದಲು ಹಿಡ್ದೋಗದೆ. ತೆನೆ ಬಲ್ತದೆ, ಆನೆ ಇಳೀತಾವೆ. ಸ್ಕೂಲಿನ ಏಣಿ ಕೊಡಿ."

"ಕೊಡಲ್ಲ. ರೋಗ ಹಬ್ಬುತ್ತೆ," ಎಂದೆ, ನಿನ್ನದೇ ದನಿಯಲ್ಲಿ. ಅವನು ತಲೆ ತಗ್ಗಿಸಿಕೊಂಡು ಹೋದ. ಎಷ್ಟು ವರ್ಷದ ಮೇಲೆ ಹೊಟ್ಟೆ ತಣ್ಣಗಾಯಿತು ಗೊತ್ತಾ?

ಮಧ್ಯಾಹ್ನ ಮೀನಾಕ್ಷಿ ಬಂದಳು. ಗೋಡೆಗೆ ಒರಗಿಸಿದ್ದ ಏಣಿಯನ್ನು ನನ್ನನ್ನು ಕೇಳದೆ ಹೆಗಲಿಗೇರಿಸಿ ನಿಮ್ಮ ಗದ್ದೆಯ ಕಡೆ ಹೊರಟಳು.

"ಅವರಿಗ್ಯಾಕೆ ಕೊಡ್ತೀಯೇ ಅದನ್ನ?" ಎಂದು ಗದರಿದೆ.

"ಅವ್ರಿಗಲ್ಲ ಟೀಚರೇ. ಈಗ ಆ ಅಟ್ಟಣೆ ಮೇಲೆ ಕೂಲಿಗೆ ಕಾವಲು ಕೂರೋಳು ನಾನೇ."