ಹೊಸ ಫಿಲ್ಟರು, ಹಳೇ ತೊಗರಿಬೇಳೆ

೨೦-೮-೮೩, ಶನಿವಾರ. ಗುಬ್ಬಿ.

ನಮ್ಮ ಬೋರಿನ ನೀರಿನ ಗಡಸು ಇವತ್ತೂ ಹೋಗಲಿಲ್ಲ. ಯಜಮಾನರು ತುಮಕೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಸ್ಟೀಲ್ ಫಿಲ್ಟರು ಮಾತ್ರ ಅಡುಗೆಮನೆಯಲ್ಲಿ ಫಳಫಳ ಹೊಳೆಯುತ್ತಿದೆ. ಅಂಗಡಿಯ ಬಾಬಾ ಜಾನ್ ಸಾಹೇಬರು ಜೊತೆಗೆ ಹೋಗಿದ್ದ ನನ್ನೆದುರಿಗೇ ಹೇಳಿದ್ದರು, "ಫಿಲ್ಟರೊಳಗಿನ ಈ ಕ್ಯಾಂಡಲ್ಲು ಕಸ ತಡೀತದೆ ಸಾರ್, ಗಡಸು ತೆಗಿಯಲ್ಲ." ಇವರು ಕೇಳಬೇಕಲ್ಲ. "ನೀರು ಕ್ಲೀನಾದ್ರೆ ಬೇಳೆ ತಾನಾಗೇ ಬೇಯ್ತದೆ ಬುಡಿ" ಎಂದು ದೊಡ್ಡದನ್ನೇ ಆರಿಸಿದರು.

ಸಂಜೆ ಆ ನೀರಿನಲ್ಲೇ ತೊಗರಿಬೇಳೆ ಇಟ್ಟೆ. ಎಷ್ಟು ಕುದಿಸಿದರೂ ಬೇಳೆ ಕರಗಲೇ ಇಲ್ಲ. ಹಾಗೇ ಸಾರು ಮಾಡಿ ಮುದ್ದೆಗೆ ಬಡಿಸಿದೆ.

"ಬೆಂದೈತೇನ್ರೀ?" ಎಂದೆ, ನಗು ತಡೆದುಕೊಂಡು.

"ಬೆಣ್ಣೆ ಥರ ಬೆಂದೈತೆ ಕಣೇ" ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು. ಮುದ್ದೆಯನ್ನು ಸದಾ ನುಂಗುವ ಮನುಷ್ಯ ಇವತ್ತು ಒಂದೊಂದು ತುತ್ತನ್ನೂ ಅಗಿದು ಅಗಿದು ತಿಂದರು.

ಮೊದಲಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಇವತ್ತು ಯಾಕೋ ಮನಸ್ಸು ತುಂಬಿದೆ. ನನ್ನ ಕಷ್ಟ ನೋಡಲಾಗದೆ ತಾನೇ ತಂದದ್ದು. ನಾಳೆ ಹೆಸರುಬೇಳೆ ಹಾಕುತ್ತೇನೆ. ಅದು ಯಾವ ನೀರಿಗಾದರೂ ಬೇಯುತ್ತದೆ. ಫಿಲ್ಟರನ್ನು ಹೊಗಳಿಕೊಂಡು ನುಂಗಲಿ, ಪಾಪ.