ಭೀಮಲಿಂಗಪ್ಪನ ಮನೆ ಮುಂದೆ ನನ್ನ ಫೋಟೋ

ಫೆಬ್ರುವರಿ ೬, ಗುರುವಾರ

ಗೋಡೆಗೆ ನೀರು ಹೊಡೆದದ್ದಾಯಿತು. ಹದಿನಾರು ಕೊಡ. ಲಿಂಟಲ್‌ವರೆಗೆ ಮನೆ ಎದ್ದು ನಿಂತಿದೆ, ಮೇಲೆ ಸ್ಲ್ಯಾಬ್ ಇಲ್ಲ. ಸರ್ಕಾರದ ಸ್ಟೀಲು ಬಂದರೆ ತಾನೇ! ನಾನು, ಸೊಸೆ ಗಂಗೋತ್ರಿ, ಮೊಮ್ಮಗಳು ಭುವನಾ — ಪಕ್ಕದ ತಗಡಿನ ಶೆಡ್ಡಿನಲ್ಲಿ.

ಮನೆಗಳ ಕೆಲಸ ನೋಡುವ ಅಸಿಸ್ಟೆಂಟ್ ಸೋಮೇಶ ಫೋನು ಹಿಡಿದು ಬಂದ.

"ಅವ್ವಾ, ಸೋಮವಾರ ಆದೋನಿಯಾಗ ರಿವ್ಯೂ ಐತಿ. ಬಾಜೂ ಮನಿ ಭೀಮಲಿಂಗಪ್ಪಂದು ಸ್ಲ್ಯಾಬ್ ಆಗೈತಲ್ಲ, ಅದರ ಮುಂದ ಒಂದ್ನಿಮಿಷ ನಿಂದ್ರು. ನಿನ್ನ ಮನಿ ಮುಗೀತಂತ ಫೋಟೋ ಏರಿಸಿಬಿಡ್ತೀನಿ."

"ಮಂದಿ ಕೂಸು ಎತ್ಕೊಂಡು ನಾನ ಹಡೆದೀನಿ ಅನ್ನಲೇನೋ?"

"ಇಲ್ಲಂದ್ರ ನಮ್ಮೂರು ಹಿಂದ ಬಿದ್ದ ಊರುಗಳ ಕೆಂಪು ಪಟ್ಟಿಗೆ ಬೀಳ್ತೈತಿ. ಆಮ್ಯಾಲೆ ಸ್ಟೀಲು ನಾನ ತರಿಸ್ತೀನಿ. ಮಾಟ ಇಸ್ತುನ್ನಾ."

ತೆಲುಗಿನಲ್ಲಿ ಮಾತು ಕೊಟ್ಟರೆ ಹೆಚ್ಚು ಗಟ್ಟಿಯೇ? ಮುಗಿದ ಮನೆಗೆ ಯಾವನು ಸ್ಟೀಲು ಕಳಿಸುತ್ತಾನೆ? ಅವನನ್ನು ಅಟ್ಟಿದೆ.

ಫೆಬ್ರುವರಿ ೧೦, ರಾತ್ರಿ ಊಟಕ್ಕೆ ಮೊದಲು

ಎಮ್ಮಿಗನೂರಿಗೆ ಹೋಗಿ ಬರುವಷ್ಟರಲ್ಲಿ ನನ್ನ ಮನೆ ಮುಗಿದಿತ್ತು. ಫೋನಿನಲ್ಲಿ! ಗಂಗೋತ್ರಿ ನನ್ನ ಸೀರೆ ಉಟ್ಟು, ಮುಖಕ್ಕೆ ಸೆರಗು ಎಳೆದುಕೊಂಡು ಭೀಮಲಿಂಗಪ್ಪನ ಬಾಗಿಲಲ್ಲಿ ನಿಂತಿದ್ದಳಂತೆ. ಗೋಡೆಗೆ ಗೋಡೆ ಪಕ್ಕ... ಜಾಗ ಬೇರೆ ಎಂದು ಫೋನಿಗೂ ತಿಳಿಯಲಿಲ್ಲ. ಭುವನಾ ಬಾಯಿಬಿಟ್ಟಳು. ಸೊಸೆಯನ್ನು ಕೇಳಿದೆ.

"ಎಷ್ಟು ದಿನ ತಗಡಿನ್ಯಾಗ ಬೇಯೋದತ್ತಿ? ಇದಾದ್ರ ಸ್ಟೀಲು ಬರ್ತೈತಂತ ಸೋಮೇಶಣ್ಣ ಅಂದ."

"ನೀ ಸೀರಿ ಉಟ್ಟಿ. ಮನಿ ಬರಿಮೈಲೇ ನಿಂತೈತಿ."

ಅತ್ತಳು. ಆ ಹದಿನಾರು ಕೊಡದಲ್ಲಿ ಹನ್ನೆರಡು ಅವಳೇ ಹೊತ್ತದ್ದು.

ಮಾರ್ಚ್ ೪

ಸ್ಟೀಲಿಲ್ಲ. ಸೋಮೇಶ ಫೋನೆತ್ತುವುದಿಲ್ಲ. ಇಂದು ತಾನೇ ಬಂದ — ಜೊತೆಗೆ ಶರ್ವಾಣಿ ಎನ್ನುವ ಹುಡುಗಿ. ಮುಗಿದ ಮನೆಗಳ ತಪಾಸಣೆಯಂತೆ.

"ಅಜ್ಜಿ, ಮನಿ ಚೊಲೋ ಆಗೈತೇನ್ರಿ? ಇಲ್ಲೊಂದು ಸೈನ್ ಹಾಕ್ರಿ."

ಕೈ ಹಿಡಿದು ಒಳಗೆ ಕರೆದೊಯ್ದು ನಡುಮನೆಯಲ್ಲಿ ನಿಲ್ಲಿಸಿದೆ.

"ತಲಿ ಎತ್ತವ್ವ."

ಎತ್ತಿದಳು. ಮೇಲೆ ಹದ್ದು ಸುತ್ತುತ್ತಿತ್ತು. ತುಂಬ ಹೊತ್ತು ಕಾಗದ ನೋಡಿದಳು.

"ತೃಪ್ತಿ, ಭಾಳ ತೃಪ್ತಿ, ಸಾಧಾರಣ... ಇಷ್ಟ ಕಾಲಂ ಅದಾವ್ರಿ. ಸ್ಲ್ಯಾಬ್ ಇಲ್ಲ ಅನ್ನಾಕ ಕಾಲಂ ಇಲ್ಲ."

"ಅಂಚಿನಾಗ ಬರಿ."

"ಫೋಟೋದಾಗಿರೋರು ನೀವೇನ್ರಿ?"

"ಸೀರಿ ನಂದು. ಒಳಗಿರಾಕಿ ನನ್ನ ಸೊಸಿ. ನಿಂದ್ರಿಸಿದವ ಇಂವ."

ಸೋಮೇಶನ ಮುಖ ಇಳಿಯಿತು. "ಅವ್ವಾ, ನನ್ನ ನೌಕರಿ..."

"ನಿನ್ನ ನೌಕರಿಗೆ ಮ್ಯಾಲಿನವರು ಅದಾರ. ನನ್ನ ಮನಿಗೆ ಮ್ಯಾಲೆ ಏನೈತಿ ಹೇಳು."

ಬರೆದಳು. ರುಜು ಹಾಕಿದೆ. ಮೂರನೇ ಕ್ಲಾಸಿನ ಕೈ. ನಿಧಾನವಾಗಿ. ಒತ್ತಕ್ಷರವನ್ನೂ ಬಿಡಲಿಲ್ಲ.

ಮಾರ್ಚ್ ೨೧

ಊರು ಕೆಂಪು ಪಟ್ಟಿಗೆ ಬಿತ್ತು. ಓಣಿಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಭೀಮಲಿಂಗಪ್ಪ ಮಾತ್ರ ಜಗಳಕ್ಕೆ ಬಂದ.

"ನಿನ್ನ ಸಲುವಾಗಿ ಊರ ಹೆಸರು ಕೆಟ್ಟಿತಲ್ಲ ಗುರುಬಸಕ್ಕ!"

"ಮಳಿ ಬಂದಾಗ ಊರ ಹೆಸರು ಹೊದ್ಕೊಂಡು ಮಲಗಲೇನು?"

ಏಪ್ರಿಲ್ ೧೭

ಸ್ಟೀಲು ಬಂದು ವಾರವಾಯಿತು! ಮೇಲಿನವರು ಕೆಂಪು ಊರುಗಳಿಗೇ ಮೊದಲು ಕಳಿಸಿದರಂತೆ. ಎಲ್ಲ ಮುಗಿಯಿತೆಂದು ಬರೆಸಿಕೊಂಡ ಹಸಿರು ಊರುಗಳವರು ಮುಖ ಮುಖ ನೋಡುತ್ತಿದ್ದಾರೆ. ಭೀಮಲಿಂಗಪ್ಪ ಇವತ್ತು ಚಹಾ ಕಳಿಸಿದ. ಕುಡಿದೆ, ಬಿಡಲೇಕೆ.

ಏಣಿ ಹತ್ತಿದೆ. ಮೇಸ್ತ್ರಿ ಪೆದ್ದಣ್ಣ ಕಟ್ಟಿದ ಕಂಬಿಗಳ ನಡುವೆ ಗೇಣು ಹಾಕಿದೆ. ಒಂದೆಡೆ ಗೇಣು, ಒಂದೆಡೆ ಎರಡು ಗೇಣು. ಬೆಕ್ಕು ಮಲಗಬಹುದು.

"ಕಾಂಕ್ರೀಟ್ ಬಿದ್ದ ಮ್ಯಾಲೆ ಯಾರಿಗೆ ಕಾಣ್ತೈತವ್ವಾ?"

"ಅದಕ್ಕ ಈಗ ಹತ್ತೀನಿ. ಬಿಚ್ಚಿ ಕಟ್ಟು."

ಬಿಚ್ಚುವುದಿಲ್ಲವಂತೆ. ಕಂಬಿಗಳ ಮೇಲೇ ಕೂತೆ. ಭುವನಾ ಈ ನೋಟ್‌ಬುಕ್ಕು ಎಸೆದಳು, ಹೊತ್ತು ಹೋಗಲಿ ಎಂದು. ಕೆಳಗೆ ಮಿಕ್ಸರ್ ಗರಗರ ಎನ್ನುತ್ತಿದೆ. ಎನ್ನಲಿ. ಕಂಬಿ ಸುಡುತ್ತಿದೆ. ಸುಡಲಿ. ಗಂಗೋತ್ರಿಯೂ ಏಣಿ ಹತ್ತಿ ಬಂದು ಪಕ್ಕದಲ್ಲೇ ಕೂತಳು. ಪೆದ್ದಣ್ಣ ನಮ್ಮಿಬ್ಬರನ್ನೂ ನೋಡಿದ. ಇಕ್ಕಳ ತೆಗೆದುಕೊಂಡ. ತಂತಿಯ ಮೊದಲನೇ ಗಂಟು ಬಿಚ್ಚಿದ —