ಲ್ಯಾಂಡ್‌ಲೈನ್ ತೆಗೆಸಬೇಡ

ಅಣ್ಣ,

ನಿನಗೆ ಎಚ್ಚರವಾಗದಿರಲಿ ಎಂದು ಸದ್ದು ಮಾಡದೆ ಪಾತ್ರೆ ತೊಳೆದಿಟ್ಟು ಕೆಲಸಕ್ಕೆ ಹೊರಟಿದ್ದೇನೆ. ಉಪ್ಪಿಟ್ಟು ಬಾಣಲೆಯಲ್ಲೇ ಇದೆ, ಬಿಸಿ ಮಾಡಿಕೋ. ಅಮ್ಮ ಬೆಟ್ಟದ ದೇವಸ್ಥಾನದಿಂದ ಬರುವುದು ಮಧ್ಯಾಹ್ನವಾಗುತ್ತದೆ.

ಅಷ್ಟರೊಳಗೆ ಇಂಟರ್‌ನೆಟ್‌ನವರು ಬರುತ್ತಾರೆ. ನಿನ್ನೆ ನೀನು ಫೋನಿನಲ್ಲಿ "ಕಮ್ಮಿ ಮಾಡ್ಲಿಲ್ಲ ಅಂದ್ರೆ ಬೇರೆ ಕಂಪನಿಗೆ ಹೋಯ್ತೀನಿ ಕಣ್ರೀ" ಎಂದು ಗದರಿಸಿ ರೇಟು ಇಳಿಸಿದ್ದು ಕೇಳಿಸಿತು. ನನ್ನ ಕೈಯಲ್ಲಂತೂ ಆಗುತ್ತಿರಲಿಲ್ಲ. ಆದರೆ ಆ ರೇಟಿಗೆ ಟಿವಿ, ನೆಟ್ ಮಾತ್ರ, ಲ್ಯಾಂಡ್‌ಲೈನ್ ಇರುವುದಿಲ್ಲ ಎಂದರಂತಲ್ಲ. "ಅದನ್ನ ಯಾರು ಮುಟ್ತಾರೆ, ಕಿತ್ತಾಕ್ಬುಡಿ" ಅಂದುಬಿಟ್ಟೆ ನೀನು. ಆಗಿನಿಂದ ನನಗೆ ಸಮಾಧಾನವಿಲ್ಲ.

ಅಮ್ಮ ಮುಟ್ಟುತ್ತಾಳೆ. ನೀನು ಮನೆಯಲ್ಲಿಲ್ಲದಾಗ ಆಗಾಗ ಅದು ಬಡಿದುಕೊಳ್ಳುತ್ತದೆ. ಅಮ್ಮ ಏನೂ ಮಾತಾಡದೆ ಬಹಳ ಹೊತ್ತು ಕಿವಿಗಿಟ್ಟುಕೊಂಡು ನಿಂತಿರುತ್ತಾಳೆ. ಕೇಳಿದರೆ "ರಾಂಗ್ ನಂಬರ್ ಕಣಮ್ಮ" ಅನ್ನುತ್ತಾಳೆ. ಒಂದು ದಿನ ನಾನೇ ಎತ್ತಿದೆ. ಆ ಕಡೆ ಸುಷ್ಮಕ್ಕ ಅಳುತ್ತಿದ್ದಳು.

ಅವಳು ಹೇಳದೆ ಕೇಳದೆ ಮದುವೆಯಾದ ಮೇಲೆ ನೀನು ನಮ್ಮೆಲ್ಲರ ಮೊಬೈಲ್ ನಂಬರ್ ಬದಲಾಯಿಸಿದೆ. ಅವಳ ಹತ್ತಿರ ಉಳಿದಿರುವುದು ಇದೊಂದೇ ನಂಬರ್.

ನಾನು ಹೇಳಿದೆನೆಂದು ಅಮ್ಮನಿಗೆ ಗೊತ್ತಾಗದಿರಲಿ. ನೀನು ಅಕ್ಕನ ಜೊತೆ ಮಾತಾಡಬೇಕಾಗಿಲ್ಲ. ಬಂದವರಿಗೆ ಆ ಫೋನ್ ಇರಲಿ ಎಂದು ಹೇಳು.